ದೊಡ್ಡಕ್ಷರಕ್ಕೆ ಮರುಳಾಗಬೇಡಿ, ಚಿಕ್ಕಕ್ಷರ ಓದಿ!



ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಕರಪತ್ರ ಹೇಗೆ ತಯಾರಾಗುತ್ತದೆ ಎಂಬುದು ನನಗೆ ಗೊತ್ತು. ‘ನಿಮ್ಮ ಹಣ ದುಪ್ಪಟ್ಟು’ ಎಂಬುದಕ್ಕೆ ಅಂಗೈ ಅಗಲದ ಅಕ್ಷರ, ಕೆಂಪು ಬಣ್ಣ. ‘ಷರತ್ತುಗಳು ಅನ್ವಯಿಸುತ್ತವೆ’ ಎಂಬುದಕ್ಕೆ ಇರುವೆ ಗಾತ್ರದ ಅಕ್ಷರ, ಅದೂ ಹಾಳೆಯ ಅಂಚಿನಲ್ಲಿ. ನಿಮಗೆ ಏನು ಕಾಣಬೇಕು, ಏನು ಕಾಣಬಾರದು ಎಂದು ಮಾಡಿಸುವವನು ಮೊದಲೇ ತೀರ್ಮಾನಿಸಿರುತ್ತಾನೆ. ಆದ್ದರಿಂದ ಹಣ ಹೂಡಿ ಎನ್ನುವ ಕರಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಿ!

2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಬಾಗಿಲು ಹಾಕಿತು. ದೂರು ಕೊಡಲು ಸಾಲುಗಟ್ಟಿದವರು ಹತ್ತಾರು ಸಾವಿರ ಮಂದಿ. ಮಾಲೀಕ ದುಬೈಗೆ ಹಾರಿದ್ದ. ಜುಲೈನಲ್ಲಿ ದೆಹಲಿಯಲ್ಲಿ ಸಿಕ್ಕಿಬಿದ್ದ. ಅಲ್ಲಿ ಆಸೆ ತೋರಿಸಿದ್ದು ತಿಂಗಳು ತಿಂಗಳು ಬರುವ ‘ಲಾಭದ ಪಾಲು’.

ಇಂಥ ಮಾತು ಕಿವಿಗೆ ಬಿದ್ದಾಗ ಒಂದು ಸಣ್ಣ ಲೆಕ್ಕ ಹಾಕಿ. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ನೂರಕ್ಕೆ 36. ಅಷ್ಟು ಲಾಭದ ವ್ಯಾಪಾರ ಕೈಯಲ್ಲಿದ್ದವನು ಬ್ಯಾಂಕಿನಲ್ಲಿ 12ಕ್ಕೋ 14ಕ್ಕೋ ಸಾಲ ತೆಗೆದು ಉಳಿದದ್ದನ್ನು ತಾನೇ ಇಟ್ಟುಕೊಳ್ಳುವುದಿಲ್ಲವೇ? ನಿಮ್ಮನ್ನು ಹುಡುಕಿಕೊಂಡು ಬಂದು 36 ಕೊಡಲು ಅವನಿಗೇನು ಗ್ರಹಚಾರ? ಇಂದು ಸೇರಿದವರ ದುಡ್ಡನ್ನು ನಿನ್ನೆ ಸೇರಿದವರಿಗೆ ಹಂಚುವ ಆಟ ಅದು. ಹೊಸಬರು ನಿಂತ ದಿನ ಆಟವೂ ನಿಲ್ಲುತ್ತದೆ.

ಮೋಸವೇ ಇಲ್ಲದ ಕಡೆಯೂ ಲೆಕ್ಕ ಬೇಕು. ‘ವರ್ಷಕ್ಕೆ 50 ಸಾವಿರದಂತೆ 20 ವರ್ಷ ಕಟ್ಟಿ, 18 ಲಕ್ಷ ಪಡೆಯಿರಿ’ ಎಂದು ಏಜೆಂಟರು ಪಾಲಿಸಿ ತರುತ್ತಾರೆ ಎನ್ನಿ. ಹತ್ತು ಲಕ್ಷಕ್ಕೆ ಹದಿನೆಂಟು! ಬಾಯಲ್ಲಿ ನೀರೂರುತ್ತದೆ. ಬಡ್ಡಿ ಲೆಕ್ಕ ಹಾಕಿದರೆ ನೂರಕ್ಕೆ ಐದೂಕಾಲರ ಆಸುಪಾಸು, ಅಷ್ಟೇ. ಮನೆ ನಡೆಸುವವನ ಜೀವಕ್ಕೆ ವಿಮೆ ಖಂಡಿತ ಬೇಕು. ಆದರೆ ವಿಮೆ ಬೇರೆ, ಉಳಿತಾಯ ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಎರಡೂ ಅರೆಬರೆ.

ಷೇರುಪೇಟೆಯ ‘ಫ್ಯೂಚರ್ಸ್ ಅಂಡ್ ಆಪ್ಷನ್ಸ್’ ಕಡೆ ಹುಡುಗರು ಮೊಬೈಲ್ ಹಿಡಿದು ಓಡುತ್ತಿದ್ದಾರೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕ ನೋಡಿ: ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿ ಆಡಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ. ಜಾಹೀರಾತಿನಲ್ಲಿ ನಗುವವರು ಉಳಿದ ಏಳು ಮಂದಿ!

ಬ್ಯಾಂಕ್ ಎಂಬ ಬೋರ್ಡ್ ಕಂಡು ಕಣ್ಣು ಮುಚ್ಚಬೇಡಿ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಲಕ್ಷಾಂತರ ಇಟ್ಟವರಿಗೂ ತೆಗೆಯಲು ಸಿಕ್ಕಿದ್ದು ಬರೀ 35 ಸಾವಿರ. ಠೇವಣಿಗೆ ಆಗ ಇದ್ದ ವಿಮೆ ಒಂದು ಲಕ್ಷ. 2020ರ ಫೆಬ್ರವರಿಯಿಂದ ಅದು 5 ಲಕ್ಷವಾಯಿತು. ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಬಡ್ಡಿಯೂ ಸೇರಿ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲ. ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿಯ ಆಸೆಗೆ ಜೀವಮಾನದ ದುಡ್ಡನ್ನೆಲ್ಲ ಒಂದೇ ಕಡೆ ಸುರಿಯಬೇಡಿ.

ಇನ್ನು ಭಾಷೆಯ ಮಾತು. ಕರಪತ್ರ ಕನ್ನಡದಲ್ಲಿ, ಏಜೆಂಟರ ಸಕ್ಕರೆ ಮಾತು ಕನ್ನಡದಲ್ಲಿ, ಸಹಿ ಹಾಕುವ ಅರ್ಜಿ ಮಾತ್ರ ಇಂಗ್ಲಿಷಿನಲ್ಲಿ! ಇದನ್ನು ಯಾಕೆ ಸಹಿಸಬೇಕು? ಖಾತೆ ತೆರೆಯುವ ಅರ್ಜಿಯಂಥವು ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ಆರೋಗ್ಯ ವಿಮೆಯ ಮಾಹಿತಿ ಹಾಳೆಯನ್ನು ಕೇಳಿದವರಿಗೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರ ಜನವರಿ 1ರಿಂದ ಇದೆ. ಕೇಳಿದವರಿಗೆ! ಕೇಳದವರಿಗೆ ಯಾರೂ ತಂದು ಕೊಡುವುದಿಲ್ಲ. ನಾಚಿಕೆ ಬಿಟ್ಟು ಕೇಳಿ. ಜೀವ ವಿಮೆ ಪಾಲಿಸಿ ಕೈಗೆ ಬಂದ ಮೇಲೂ 30 ದಿನದೊಳಗೆ ಹಿಂದಿರುಗಿಸಬಹುದು. ಅಲ್ಪಸ್ವಲ್ಪ ಖರ್ಚು ಹಿಡಿದು ಉಳಿದ ಹಣ ವಾಪಸ್ ಕೊಡಬೇಕು.

ಸಹಿ ಹಾಕುವ ಮುಂಚೆ ನಾಲ್ಕೇ ಪ್ರಶ್ನೆ: ಈ ಸಂಸ್ಥೆಗೆ ಪರವಾನಗಿ ಕೊಟ್ಟವರು ಯಾರು? ಲಾಭ ಹುಟ್ಟುವುದು ಎಲ್ಲಿಂದ? ನಡುವೆ ಬೇಕೆಂದರೆ ಕೈಗೆಷ್ಟು ಬರುತ್ತದೆ? ಇದನ್ನು ಮಾರಿದವರಿಗೆ ಕಮಿಷನ್ ಎಷ್ಟು? ಉತ್ತರ ತಡವರಿಸಿದರೆ, ‘ಇವತ್ತೇ ಕೊನೆಯ ದಿನ’ ಎಂದು ಅವಸರ ಮಾಡಿದರೆ, ಕಾಫಿ ಕೊಟ್ಟು ಕಳಿಸಿ. ದುಡ್ಡು ಕೊಡಬೇಡಿ.