ಮನೆಶಾಲೆ ಮತ್ತು ಮುಚ್ಚದ ಬಾಗಿಲು

ಪ್ರೌಢಶಾಲೆಯ ವಯಸ್ಸಿನಲ್ಲಿ ಮನೆಯಲ್ಲೇ ಕಲಿಯುವವರಿಗೆ ಕಾಲೇಜಿನ ಬಾಗಿಲು ಮುಚ್ಚುತ್ತದೆ, ಬದುಕಿನ ವ್ಯವಹಾರ ತಿಳಿಯುವುದಿಲ್ಲ ಎಂಬ ವಾದದ ಮೊದಲ ಭಾಗವೇ ತಪ್ಪು. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಿಕೊಳ್ಳಬಹುದು. ಐದು ವಿಷಯಗಳನ್ನು ಒಂದೇ ಬಾರಿಗೆ ಬರೆಯಬೇಕಿಲ್ಲ. ಐದು ವರ್ಷಗಳ ಅವಧಿಯಲ್ಲಿ ಹಂತಹಂತವಾಗಿ ಮುಗಿಸಬಹುದು. ಮುಕ್ತ ಶಾಲೆಯವರನ್ನು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಿಂದ ಹೊರಗಿಟ್ಟ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲೇ ರದ್ದುಪಡಿಸಿತು.

ಎರಡನೆಯ ಭಾಗಕ್ಕೆ ಉತ್ತರ ಮನೆಯನ್ನು ಅವಲಂಬಿಸಿದೆ. 10 ವರ್ಷ ದಾಟಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಿರ್ವಹಿಸಲು ರಿಸರ್ವ್ ಬ್ಯಾಂಕ್ ನಿಯಮ ಅವಕಾಶ ಕೊಡುತ್ತದೆ. ತಿಂಗಳ ಖರ್ಚಿನ ಲೆಕ್ಕ, ಅಡುಗೆ, ಕಚೇರಿಗೆ ಅರ್ಜಿ, ಕುಶಲಕರ್ಮಿಯ ಬಳಿ ಕೆಲಸ ಕಲಿಯುವುದು: ಇವುಗಳಿಗೆ ಬೇಕಾದ ಬಿಡುವು ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಓಡುವ ಶಾಲಾ ವಿದ್ಯಾರ್ಥಿಗೆ ಅಪರೂಪ.

ನಿಜವಾದ ತೊಡಕುಗಳು ಬೇರೆ. ವಿಜ್ಞಾನಕ್ಕೆ ಪ್ರಯೋಗಾಲಯ ಬೇಕು. ಓರಗೆಯವರ ಒಡನಾಟವನ್ನು ಆಟದ ಮೈದಾನ, ಗ್ರಂಥಾಲಯ, ರಂಗತಂಡಗಳಲ್ಲಿ ಹುಡುಕಿಕೊಳ್ಳಬೇಕು. ಹೆತ್ತವರಲ್ಲಿ ಒಬ್ಬರ ಸಮಯ ಇದಕ್ಕೇ ಮೀಸಲಾಗಬೇಕು. ದಿನಗೂಲಿಯ ಮನೆಗೆ ಇದು ನಿಲುಕದು. ಆದ್ದರಿಂದ ಮನೆಶಾಲೆ ಸರ್ಕಾರಿ ಶಾಲೆಗೆ ಬದಲಿಯಲ್ಲ. ಆದರೆ ಸಿದ್ಧತೆಯಿಂದ ಆಯ್ದುಕೊಂಡ ಕುಟುಂಬಗಳನ್ನು ಹೊಣೆಗೇಡಿಗಳೆಂದು ಕರೆಯುವುದು ಅನ್ಯಾಯ.