ಸರ್ಕಾರಿ ವಕೀಲರು ಯಾರ ಕಡೆಯವರು?

ನಿಮ್ಮ ಮೇಲೆ ಒಂದು ಕೇಸ್ ಇದೆ ಅಂದ್ಕೊಳ್ಳಿ. ನಿಮ್ಮ ವಿರುದ್ಧ ವಾದಿಸ್ತಿರೋ ಸರ್ಕಾರಿ ವಕೀಲರನ್ನ ಸರ್ಕಾರವೇ ತೆಗೆದುಹಾಕಿದ್ರೆ ಬೇಜಾರಾಗುತ್ತಾ? 2013ರಲ್ಲಿ ಜಯಲಲಿತಾ ಅವರಿಗೆ ಆಯ್ತು. ಆ ವಕೀಲರೇ ಮುಂದುವರಿಯಬೇಕು ಅಂತ ಆರೋಪಿಯೇ ಸುಪ್ರೀಂ ಕೋರ್ಟ್‌ಗೆ ಹೋದರು!

ಅಕ್ರಮ ಆಸ್ತಿಯ ಆ ಕೇಸ್ ಚೆನ್ನೈನಿಂದ ನಮ್ಮ ಬೆಂಗಳೂರಿಗೆ ಬರೋದಕ್ಕೂ ಸರ್ಕಾರಿ ವಕೀಲರ ಮೌನವೇ ಒಂದು ಕಾರಣ. ಜಯಲಲಿತಾ ಮತ್ತೆ ಮುಖ್ಯಮಂತ್ರಿಯಾದ ಮೇಲೆ 76 ಸಾಕ್ಷಿಗಳನ್ನು ವಾಪಸ್ ಕರೆಸಲಾಯಿತು. 64 ಮಂದಿ ಮೊದಲು ಹೇಳಿದ್ದನ್ನೇ ಬದಲಿಸಿದರು. ಸರ್ಕಾರಿ ವಕೀಲರು ತಡೆಯಲಿಲ್ಲ. ಹಾಗಾಗಿ 2003ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಇಲ್ಲಿಗೆ ಕಳಿಸಿತು.

ಹಾಗಂತ ನಾವು ಬೀಗೋ ಹಾಗಿಲ್ಲ. 2013ರ ಮೇನಲ್ಲಿ ಇಲ್ಲಿ ಹೊಸ ಸರ್ಕಾರ ಬಂತು. ಆಗಸ್ಟ್‌ನಲ್ಲಿ, ವಿಚಾರಣೆ ಮುಗಿಯುವ ಹೊತ್ತಿಗೆ, ವಿಶೇಷ ಸರ್ಕಾರಿ ವಕೀಲರ ನೇಮಕವನ್ನು ಹಿಂಪಡೆಯಿತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

2014ರ ಸೆಪ್ಟೆಂಬರ್‌ನಲ್ಲಿ ಶಿಕ್ಷೆಯಾಯಿತು. ಮೇಲ್ಮನವಿ ಕರ್ನಾಟಕ ಹೈಕೋರ್ಟ್‌ಗೆ ಬಂತು. ಅಲ್ಲಿ ವಾದಿಸಲು ಅದೇ ವಕೀಲರನ್ನು ನೇಮಿಸಿದ್ದು ಯಾರು ಗೊತ್ತಾ? ಜಯಲಲಿತಾ ಪಕ್ಷವೇ ನಡೆಸುತ್ತಿದ್ದ ತಮಿಳುನಾಡು ಸರ್ಕಾರ. ಅದಕ್ಕೆ ಆ ಅಧಿಕಾರವೇ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2015ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ವಾದ ಮುಗಿದಿತ್ತು. ಮೇ ತಿಂಗಳಲ್ಲಿ ಎಲ್ಲರೂ ಖುಲಾಸೆ. 2017ರಲ್ಲಿ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ತಳ್ಳಿಹಾಕಿದಾಗ ಜಯಲಲಿತಾ ಬದುಕಿರಲಿಲ್ಲ. ಜೈಲಿಗೆ ಹೋದದ್ದು ಉಳಿದ ಮೂವರು.

ನಮ್ಮ ಟೀಮ್‌ನಲ್ಲಿ ನಾನು ಬರೆದ ಕೋಡ್‌ಗೆ ನಾನೇ ಅಪ್ರೂವಲ್ ಕೊಡೋ ಹಾಗಿಲ್ಲ. ಒಂದು ಸಣ್ಣ ಆ್ಯಪ್‌ಗೇ ಇಷ್ಟು ಶಿಸ್ತು. ಸರ್ಕಾರಿ ವಕೀಲರ ವಿಷಯದಲ್ಲಿ ಹೈಕೋರ್ಟ್ ಜೊತೆ, ಜಿಲ್ಲೆಯಲ್ಲಾದರೆ ಸೆಷನ್ಸ್ ನ್ಯಾಯಾಧೀಶರ ಜೊತೆ ಸಮಾಲೋಚನೆ ಆಗಬೇಕು ಅನ್ನುತ್ತೆ ಕಾನೂನು. ಆದರೆ ಕೊನೆಯ ಸಹಿ ಸರ್ಕಾರದ್ದೇ.

ಅವರು ಮಂತ್ರಿಗಳ ವಕೀಲರಲ್ಲ, ಜನರ ವಕೀಲರು. ದೊಡ್ಡವರ ಕೇಸಾದರೆ ಯಾರೋ ಒಬ್ಬರು ದೆಹಲಿವರೆಗೆ ಹೋಗಿ ಪ್ರಶ್ನಿಸ್ತಾರೆ. ಊರಿನ ಪುಢಾರಿಯ ಮಗನಿಂದ ಏಟು ತಿಂದು ದೂರು ಕೊಟ್ಟ ಕೂಲಿಯವರ ಕಥೆ? ಕೋರ್ಟ್‌ನಲ್ಲಿ ಅವರ ಪರ ಎದ್ದು ನಿಲ್ಲಬೇಕಾದವರು ಈ ಸರ್ಕಾರಿ ವಕೀಲರೇ. ಆ ಕುರ್ಚಿಗೆ ಯಾರು ಬಂದ್ರು, ಯಾಕೆ ಹೋದ್ರು ಅಂತ ನಾವು ಕೇಳದಿದ್ರೆ, ಇನ್ಯಾರು ಕೇಳ್ತಾರೆ?