ವ್ಯಾನಿನ ಮೇಲಿನ ಡಿಸೆಂಬರ್ ಸೂರ್ಯ

ಇಂಗ್ಲೆಂಡಿನಲ್ಲಿ ವ್ಯಾನನ್ನೇ ಮನೆಯಾಗಿ ಮಾಡಿಕೊಂಡವರು ಅದರ ಛಾವಣಿಗೆ ಸೌರಫಲಕವನ್ನು ಜೋಡಿಸುವುದುಂಟು. ಫಲಕದ ಮೇಲೆ 200 ವಾಟ್ ಎಂದು ಅಚ್ಚಾಗಿರುತ್ತದೆ. ಅದು ಚದರ ಮೀಟರಿಗೆ 1000 ವಾಟ್ ಬೆಳಕು ಬಿದ್ದು, ಫಲಕದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನ ಮಾತು. ಲಂಡನ್ನಿನ ಡಿಸೆಂಬರಿಗೂ ಅದಕ್ಕೂ ಏನು ಸಂಬಂಧ?

ಲಂಡನ್ನಿನ ಅಕ್ಷಾಂಶ 51.5 ಡಿಗ್ರಿ. ಡಿಸೆಂಬರ್ 21ರ ಸುಮಾರಿಗೆ ಸೂರ್ಯನು ಖಗೋಳ ವಿಷುವದ್ವೃತ್ತಕ್ಕೆ 23.5 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. ಇವೆರಡನ್ನೂ 90ರಿಂದ ಕಳೆಯಿರಿ: ನಡುಹಗಲಿನಲ್ಲಿಯೂ ಸೂರ್ಯನ ಔನ್ನತ್ಯ ಕೇವಲ 15 ಡಿಗ್ರಿ. (ಅಂದು ಬೆಂಗಳೂರಿನಲ್ಲಿ ಅದು 53 ಡಿಗ್ರಿಗೂ ಹೆಚ್ಚು!) 15 ಡಿಗ್ರಿಯ ಸೈನ್ 0.26. ಆದುದರಿಂದ ಮಟ್ಟಸವಾಗಿ ಮಲಗಿಸಿದ ಫಲಕಕ್ಕೆ ನೇರ ಕಿರಣಗಳ ಕಾಲುಭಾಗವಷ್ಟೇ ದಕ್ಕುತ್ತದೆ. ಹಗಲೋ ಎಂಟು ಗಂಟೆಗೂ ಕಡಿಮೆ, ಮೋಡ ಬೇರೆ.

ಆ ತಿಂಗಳಲ್ಲಿ ಅಲ್ಲಿನ ಚದರ ಮೀಟರ್ ನೆಲಕ್ಕೆ ದಿನವೊಂದಕ್ಕೆ ಬೀಳುವ ಶಕ್ತಿ ಸರಾಸರಿ ಅರ್ಧ ಕಿಲೋವಾಟ್-ಗಂಟೆಯಷ್ಟು. ಎಂದರೆ 200 ವಾಟಿನ ಫಲಕದಿಂದ 100 ವಾಟ್-ಗಂಟೆ; ನಷ್ಟವನ್ನು ಕಳೆದರೆ ಸುಮಾರು 80. ಹತ್ತು ವಾಟಿನ ದೀಪ ಎಂಟು ಗಂಟೆ ಉರಿದರೆ ಮುಗಿಯಿತು. ರೆಫ್ರಿಜರೇಟರಿನ ಮಾತೇ ಬೇಡ. ಚಳಿಯಲ್ಲಿ ಫಲಕದ ದಕ್ಷತೆ ತುಸು ಹೆಚ್ಚುವುದು ನಿಜ. ಬೆಳಕೇ ಇಲ್ಲದ ಮೇಲೆ ಅದರಿಂದೇನು?

ವರ್ಷದ ಸರಾಸರಿಯನ್ನು ತೋರಿಸಿ ಫಲಕ ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಜುಲೈ ತಿಂಗಳ ಶಕ್ತಿಯನ್ನು ಡಿಸೆಂಬರಿಗೆ ಉಳಿಸಿಡಬಲ್ಲಷ್ಟು ದೊಡ್ಡ ಬ್ಯಾಟರಿಯನ್ನು ಇಂಥ ವ್ಯಾನುಗಳಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಲೆಕ್ಕವನ್ನು ಡಿಸೆಂಬರಿನಿಂದಲೇ ಆರಂಭಿಸಬೇಕು. ಕೊರತೆ ಬಿದ್ದುದನ್ನು ಎಂಜಿನ್ನಿನ ಆಲ್ಟರ್ನೇಟರಿನಿಂದ ತುಂಬಿಕೊಳ್ಳಬೇಕು.